ಆಸ್ಪತ್ರೆ ನೆಲಕ್ಕೆ ಯಾವುದು ಸರಿ: ಟೈಲ್ಸಾ, ವಿನೈಲಾ, ಎಪಾಕ್ಸಿಯಾ? ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ

ಕಟ್ಟಡ ಉಸ್ತುವಾರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. 40 ಬೆಡ್‌ನ ಆಸ್ಪತ್ರೆಯೊಂದರ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಾನು ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ. ಆಡಳಿತ ನನ್ನ ಕೆಲಸ. ಆದರೆ ಈಗ ನೆಲದ ವಿಷಯ ನನ್ನ ತಲೆಗೆ ಬಂದಿದೆ.

ಕಟ್ಟಡದ ಕೆಳ ಅಂತಸ್ತು ಹಳೆಯದು. ಅಲ್ಲಿ ಸುಮಾರು ಹದಿನೈದು ವರ್ಷದ ಹಿಂದಿನ ಸೆರಾಮಿಕ್ ಟೈಲ್ಸ್ ಇದೆ. ಮೇಲಿನದು ಹೊಸದಾಗಿ ಕಟ್ಟಿದ್ದು, ಸ್ಲ್ಯಾಬ್ ಹಾಕಿ ಮೂರು ತಿಂಗಳಾಗುತ್ತಾ ಬಂತು. ಕೆಳಗೆ ಓಪಿಡಿ, ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್. ಮೇಲೆ ವಾರ್ಡು, ಐಸಿಯು, ಎರಡು ಓಟಿ (ಆಪರೇಷನ್ ಥಿಯೇಟರ್), ಲೇಬರ್ ರೂಮ್.

ಒಬ್ಬರು ಬಂದು ಎಲ್ಲ ಕಡೆ ದೊಡ್ಡ ವಿಟ್ರಿಫೈಡ್ ಟೈಲ್ಸ್ ಹಾಕಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತೆ ಅಂದರು. ಇನ್ನೊಬ್ಬರು ಎಪಾಕ್ಸಿ (ದ್ರವವಾಗಿ ಬಳಿದು ಗಟ್ಟಿಯಾಗುವ ರಾಳ) ಬಿಟ್ಟು ಬೇರೆ ಏನೂ ಬೇಡ ಅಂದರು. ವಿನೈಲ್, ಅಂದರೆ ಪ್ಲಾಸ್ಟಿಕ್ ನೆಲಹಾಸು ಮಾರುವವರು ಬಂದು ಆಂಟಿಬ್ಯಾಕ್ಟೀರಿಯಲ್ ಶೀಟ್ ಅಂತ ಸ್ಯಾಂಪಲ್ ಕೊಟ್ಟು ಹೋದರು. ನಮ್ಮ ಟ್ರಸ್ಟಿಯೊಬ್ಬರಿಗೆ ಮುಂಬಾಗಿಲ ಹತ್ತಿರ ಮಾರ್ಬಲ್ ಬೇಕೇ ಬೇಕು. ನಾಲ್ಕು ಜನ, ನಾಲ್ಕು ಮಾತು. ಎಲ್ಲರೂ ತಮ್ಮ ಸಾಮಾನೇ ಒಳ್ಳೆಯದು ಅನ್ನುತ್ತಾರೆ, ಯಾವುದರ ತೊಂದರೆ ಏನು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನನಗೆ ಒಂದು ಭಯ ಇದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಹೊಳೆಯುವ ಟೈಲ್ಸ್ ಇತ್ತು. ಬೆಳಗ್ಗೆ ಒರೆಸಿದ ಸ್ವಲ್ಪ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳ ಹೆರಿಗೆಗೆ ಅಂತ ಜೊತೆಗೆ ಬಂದಿದ್ದವರು ಅವರು. ಅದು ಇವತ್ತಿಗೂ ಕಣ್ಣ ಮುಂದೆ ಇದೆ. ಹಾಗಾಗಿ ನೋಡಲು ಚೆನ್ನಾಗಿರುವುದು ಯಾವುದು ಅಂತ ನಾನು ಕೇಳುತ್ತಿಲ್ಲ. ಯಾವ ಜಾಗಕ್ಕೆ ಯಾವುದು, ಹಾಕುವಾಗ ಏನು ನೋಡಿಕೊಳ್ಳಬೇಕು, ಆಮೇಲೆ ಪಶ್ಚಾತ್ತಾಪ ಪಡುವುದು ಯಾವುದಕ್ಕೆ, ಇಷ್ಟು ಹೇಳಿದರೆ ತುಂಬಾ ಉಪಕಾರ.

ವಾರ್ಡ್ ಸಿಸ್ಟರ್ ಬರೆದದ್ದು:

ಸರ್, ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಎಲ್ಲಾ ಹಾಕಿ ಮುಗಿದ ಮೇಲೆ ನಮ್ಮನ್ನು ಕರೆದು ಹೇಗಿದೆ ಸಿಸ್ಟರ್ ಅಂತ ಕೇಳುತ್ತಾರೆ.

22 ವರ್ಷ ನರ್ಸಿಂಗ್ ಮಾಡಿದ್ದೇನೆ, ಅದರಲ್ಲಿ ಎಂಟು ವರ್ಷ ಲೇಬರ್ ರೂಮ್. ನನ್ನ ಅನುಭವ ಒಂದೇ ಮಾತಲ್ಲಿ ಹೇಳುವುದಾದರೆ ನೆಲ ಕೆಡುವುದು ಸಂದಿನಲ್ಲಿ. ಟೈಲ್ ಗಟ್ಟಿಯಾಗಿಯೇ ಇರುತ್ತೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಎರಡು ಟೈಲ್ ನಡುವಿನ ಸಿಮೆಂಟ್ ಗ್ರೌಟ್ ಸಣ್ಣ ಸಣ್ಣ ತೂತಿರುವ ವಸ್ತು. ರಕ್ತ, ಮೂತ್ರ, ಹೆರಿಗೆಯ ನೀರು ಎಲ್ಲ ಅದರೊಳಗೆ ಇಳಿಯುತ್ತೆ. ಮೇಲೆ ಎಷ್ಟು ಒರೆಸಿದರೂ ಒಳಗೆ ಹೋದದ್ದು ಹೋಯಿತು. ಒಂದು ವರ್ಷದಲ್ಲಿ ಬೂದು ಬಣ್ಣದ ಗ್ರೌಟ್ ಕಪ್ಪಾಗುತ್ತೆ, ಎರಡನೇ ವರ್ಷ ಅಲ್ಲಲ್ಲಿ ಕಿತ್ತು ಬರುತ್ತೆ. ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ದಿನಾ ಬೀಳುವ ಕಡೆ ಇನ್ನೂ ಬೇಗ.

ಇನ್ನೊಂದು ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ. ನೆಲ ಮತ್ತು ಗೋಡೆ ಸೇರುವ ಮೂಲೆ. ಅಲ್ಲಿ ಚೌಕ ಮೂಲೆ ಇದ್ದರೆ ಮಾಪ್ ಹೋಗುವುದೇ ಇಲ್ಲ, ಕೊಳೆ ತಳ್ಳಿಕೊಂಡು ಹೋಗಿ ಅಲ್ಲೇ ಕೂರಿಸುತ್ತೆ. ನೆಲಹಾಸು ದುಂಡಾಗಿ ತಿರುಗಿ ಗೋಡೆಯ ಮೇಲೆ 10ರಿಂದ 15 ಸೆಂಟಿಮೀಟರ್ ಹತ್ತಬೇಕು. ಕೋವಿಂಗ್ ಅಂತಾರಲ್ಲ, ಅದು. ಓಟಿ, ಐಸಿಯು, ಲೇಬರ್ ರೂಮ್, ಡಯಾಲಿಸಿಸ್, ಕೊಳೆ ಬಟ್ಟೆ ಇಡುವ ರೂಮ್, ಇಷ್ಟರಲ್ಲಿ ಅದನ್ನು ಬಿಡಲೇಬೇಡಿ.

ಶಬ್ದದ ಬಗ್ಗೆ ಯಾರೂ ಹೇಳಿರುವುದಿಲ್ಲ, ನಾನು ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಟೈಲ್ಸ್ ಮೇಲೆ ಔಷಧಿ ಟ್ರಾಲಿ ತಳ್ಳಿ ನೋಡಿ. ಪ್ರತಿ ಸಂದಿನಲ್ಲೂ ಟಕ್ ಟಕ್ ಟಕ್. ಆಗ ತಾನೇ ಕಣ್ಣು ಮುಚ್ಚಿದ ರೋಗಿ ಎದ್ದು ಕೂರುತ್ತಾರೆ. ನಮ್ಮ ಕಾಲಿನ ಕಥೆ ಬೇರೆ. ಎಂಟು ಗಂಟೆ ಗಟ್ಟಿ ನೆಲದ ಮೇಲೆ ಓಡಾಡಿದರೆ ಹಿಮ್ಮಡಿ, ಮಂಡಿ, ಸೊಂಟ ಎಲ್ಲಾ ನೋಯುತ್ತೆ. ಹೊಸ ಬ್ಲಾಕ್‌ನಲ್ಲಿ ರಬ್ಬರ್ ನೆಲ ಹಾಕಿದ ಮೇಲೆ ನಮ್ಮ ಹುಡುಗಿಯರು ನೈಟ್ ಡ್ಯೂಟಿಗೆ ಆ ವಾರ್ಡೇ ಕೊಡಿ ಅಂತ ಕೇಳುತ್ತಿದ್ದರು. ಇದನ್ನು ಟ್ರಸ್ಟಿಗಳಿಗೆ ಹೇಳಿ ಸರ್, ಅವರಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ ಅಂತ ಬಿಡಬೇಡಿ.

ಮಾರ್ಬಲ್ ಮಾತ್ರ ರೋಗಿಗಳು ಇರುವ ಕಡೆ ಬೇಡವೇ ಬೇಡ. ಆಸಿಡ್ ಇರುವ ಏನು ಬಿದ್ದರೂ ಮೇಲ್ಮೈ ತಿಂದು ಹೋಗುತ್ತೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಬಿದ್ದರೆ ಕಲೆ ಒಳಗಿಳಿಯುತ್ತೆ. ಜೊತೆಗೆ ಒದ್ದೆಯಾದರೆ ಜಾರುತ್ತೆ.

ನೆಲ ಹಾಸುವವನು ಬರೆದದ್ದು:

ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. ನಾನು ವಿನೈಲ್, ರಬ್ಬರ್, ಲಿನೋಲಿಯಂ ಮೂರೂ ಹಾಸುವ ಕೆಲಸ ಮಾಡುತ್ತೇನೆ. ಸರ್, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹತ್ತಿಸಿದ್ದು ಟೈಲ್ಸೂ ಅಲ್ಲ ವಿನೈಲೂ ಅಲ್ಲ, "ಸ್ಲ್ಯಾಬ್ ಹಾಕಿ ಮೂರು ತಿಂಗಳು" ಅನ್ನುವ ಮಾತು.

ಕಾಂಕ್ರೀಟ್ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. 28 ದಿನಕ್ಕೆ ಅದಕ್ಕೆ ಬಲ ಬಂದಿರುತ್ತೆ, ಆದರೆ ಹೊಟ್ಟೆಯೊಳಗೆ ನೀರು ಇದ್ದೇ ಇರುತ್ತೆ. ಕೆಲಸದವರ ಲೆಕ್ಕ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು. ಅದೂ ಮಳೆ ಬೀಳದೆ, ನೀರು ನಿಲ್ಲದೆ, ಗಾಳಿ ಆಡುತ್ತಾ ಇದ್ದರೆ ಮಾತ್ರ. ಸ್ಲ್ಯಾಬ್ ಹಾಕಿದ ದಿನದಿಂದ ಎಣಿಸಬೇಡಿ, ಮೇಲೆ ಮಾಡು ಬಂದು ನೀರು ಬೀಳುವುದು ನಿಂತ ದಿನದಿಂದ ಎಣಿಸಿ. ಹಸಿ ಸ್ಲ್ಯಾಬ್ ಮೇಲೆ ವಿನೈಲ್ ಹಾಸಿದರೆ ಆ ನೀರಿಗೆ ಮೇಲೆ ಹೋಗಲು ದಾರಿ ಇಲ್ಲ. ಅದು ಕಾಂಕ್ರೀಟಿನ ಕ್ಷಾರವನ್ನೂ ಜೊತೆಗೆ ಎಳೆದುಕೊಂಡು ಬಂದು ಅಂಟನ್ನು ಕರಗಿಸುತ್ತೆ. ಆರು ತಿಂಗಳಲ್ಲಿ ನೆಲ ಉಬ್ಬುತ್ತೆ, ಬೆಸುಗೆ ಬಿಡುತ್ತೆ, ಕೆಟ್ಟ ವಾಸನೆ ಬರುತ್ತೆ. ಆಮೇಲೆ ಎಲ್ಲರೂ ವಿನೈಲ್ ಕಳಪೆ ಅಂತಾರೆ. ವಿನೈಲ್ ಏನು ಮಾಡುತ್ತೆ ಪಾಪ.

ಅಳೆಯದೆ ಹಾಸಬೇಡಿ. ಸ್ಲ್ಯಾಬಿಗೆ ತೂತು ಕೊರೆದು ಒಳಗಿನ ತೇವ ನೋಡುವ ಪರೀಕ್ಷೆ ಇದೆ, ಎಎಸ್‌ಟಿಎಂ ಎಫ್ 2170 ಅಂತ ಅಮೆರಿಕದ ಮಾನದಂಡದಲ್ಲಿ ಅದರ ಹೆಸರು. ನೆಲದ ಮೇಲೇ ಇರುವ, ಒಂದೇ ಕಡೆಯಿಂದ ಒಣಗುವ ಸ್ಲ್ಯಾಬಾದರೆ ದಪ್ಪದ ಶೇ. 40ರಷ್ಟು ಆಳಕ್ಕೆ, ಮೇಲೆ ಕೆಳಗೆ ಎರಡೂ ಕಡೆ ಗಾಳಿ ಇರುವ ನಿಮ್ಮ ಮೇಲಂತಸ್ತಿಗೆ ಶೇ. 20ರಷ್ಟು ಆಳಕ್ಕೆ ಕೊರೆದು ತೇವ ಅಳೆಯುವ ಪ್ರೋಬ್ ಇಳಿಸುತ್ತಾರೆ. ಎಷ್ಟು ತೇವ ಇದ್ದರೆ ಹಾಸಬಹುದು ಅನ್ನುವುದನ್ನು ಅಂಟಿನ ಕಂಪನಿ ಬರೆದು ಕೊಟ್ಟಿರುತ್ತೆ. ಎಷ್ಟೋ ಅಂಟುಗಳಿಗೆ ಅದು ಶೇ. 75 ಅಥವಾ 85. ಮೊದಲು ಸುಮ್ನೆ ಒಂದು ಅಂದಾಜು ಬೇಕಿದ್ದರೆ 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ. ಕಡಿಮೆ ಅಂದರೂ 16 ಗಂಟೆ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ನೀರು ಹನಿ ಕಂಡರೆ ಹಸಿ ಇದೆ ಅಂತ ಖಂಡಿತ. ಕಾಣದಿದ್ದರೆ ಒಣಗಿದೆ ಅಂತ ನಂಬಬೇಡಿ, ಪ್ರೋಬ್ ಹಾಕಿಸಿ.

ಕೆಳ ಅಂತಸ್ತು ಇನ್ನೂ ಸೂಕ್ಷ್ಮ. ಹಳೆಯ ಕಟ್ಟಡದಲ್ಲಿ ಸ್ಲ್ಯಾಬಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಕದೆ ಇದ್ದರೆ ಮಣ್ಣಿನ ತೇವ ವರ್ಷಪೂರ್ತಿ ಏರುತ್ತಲೇ ಇರುತ್ತೆ. ಅಲ್ಲಿ ಕಾದರೆ ಪ್ರಯೋಜನ ಇಲ್ಲ, ಟೈಲ್ಸ್ ಕಿತ್ತು ಎಪಾಕ್ಸಿಯ ತೇವ ತಡೆ ಪದರ ಬಳಿದೇ ಮುಂದುವರಿಯಬೇಕು.

ಇನ್ನು ಸಮತಟ್ಟು. 2 ಮೀಟರ್ ಉದ್ದದ ನೇರ ಪಟ್ಟಿ ಇಟ್ಟರೆ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಾಣಬಾರದು. ವಿನೈಲ್ ಶೀಟ್ ದಪ್ಪವೇ 2 ಮಿಲಿಮೀಟರ್. ಅಡಿಯಲ್ಲಿ ಒಂದು ಮರಳಿನ ಕಾಳು ಇದ್ದರೂ ಮೇಲೆ ಮೊಡವೆ ಥರ ಎದ್ದು ಕಾಣುತ್ತೆ.

ಬೆಸುಗೆಯಲ್ಲಿ ಮೋಸ ಹೋಗುವವರೇ ಜಾಸ್ತಿ, ಅದಕ್ಕೆ ಇದನ್ನು ನೀವೇ ನಿಂತು ನೋಡಿ. ಅಂಟು ಹಾಕಿ ಒಂದು ದಿನ ಬಿಟ್ಟ ಮೇಲೆ ಎರಡು ಶೀಟ್ ಸೇರುವ ಕಡೆ ದಪ್ಪದ ಮೂರನೇ ಎರಡು ಭಾಗದಷ್ಟು ಆಳಕ್ಕೆ ಕಾಲುವೆಯಂತೆ ಕೊರೆದು, ಬಿಸಿ ಗಾಳಿಯಲ್ಲಿ ವಿನೈಲ್ ಎಳೆಯನ್ನು ಕರಗಿಸಿ ತುಂಬಬೇಕು. ಮೇಲೆ ಉಬ್ಬಿ ನಿಂತ ಎಳೆಯನ್ನು ಎರಡು ಸಲ ಕೊಯ್ಯಬೇಕು. ಬಿಸಿ ಇರುವಾಗ ಒಂದು ಸಲ, ಸ್ವಲ್ಪ ಉಳಿಸಿ. ಪೂರ್ತಿ ಆರಿದ ಮೇಲೆ ಇನ್ನೊಂದು ಸಲ, ನೆಲದ ಮಟ್ಟಕ್ಕೆ. ಅವಸರದವರು ಬಿಸಿ ಇರುವಾಗಲೇ ಒಂದೇ ಏಟಿಗೆ ಕೊಯ್ದು ಮುಗಿಸುತ್ತಾರೆ. ಆರುವಾಗ ಎಳೆ ಕುಗ್ಗಿ ಬೆಸುಗೆ ತಗ್ಗಾಗುತ್ತೆ, ತಗ್ಗಲ್ಲಿ ಕೊಳೆ ಕೂರುತ್ತೆ. ಸಂದು ಬೇಡ ಅಂತ ವಿನೈಲ್ ಹಾಕಿಸಿ ಮತ್ತೆ ಸಂದೇ ಸಿಕ್ಕಂತೆ ಆಯಿತು, ಅಲ್ವಾ?

ಕಟ್ಟಡ ಉಸ್ತುವಾರಿ ಬರೆದದ್ದು:

ಸಿಸ್ಟರ್‌ಗೂ ಸರ್‌ಗೂ ತುಂಬಾ ಧನ್ಯವಾದ. ಸ್ಲ್ಯಾಬಿನ ತೇವದ ವಿಷಯ ಒಬ್ಬರೂ ನನಗೆ ಹೇಳಿರಲಿಲ್ಲ. ನಾಳೆಯೇ ಆರು ಕಡೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇನೆ.

ಇನ್ನೂ ಮೂರು ಪ್ರಶ್ನೆ. ಕೆಳಗಿನ ಹಳೆಯ ಟೈಲ್ಸ್ ಕೀಳದೆ ಅದರ ಮೇಲೇ ಹಾಸಬಹುದಾ? ಓಟಿಗೆ ಆಂಟಿಸ್ಟ್ಯಾಟಿಕ್ ನೆಲ (ಉಜ್ಜಾಟದಿಂದ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ ಸೇರಿಕೊಳ್ಳದ ನೆಲ) ಬೇಕೇ ಬೇಕು ಅಂತಾರೆ, ನಿಜವಾ? ಬಾತ್‌ರೂಮಿಗೆ ಏನು ಮಾಡಲಿ, ಅಲ್ಲಿ ಜಾರುವ ಭಯವೇ ದೊಡ್ಡದು.

ಆಸ್ಪತ್ರೆ ಆರ್ಕಿಟೆಕ್ಟ್ ಬರೆದದ್ದು:

ಮೊದಲು ಹಳೆ ಟೈಲ್ಸ್. ಮೇಲೆ ಹಾಸಬಹುದು, ಆದರೆ ಪ್ರತಿ ಟೈಲನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ತುಂಬಬೇಕು. ಹದಿನೈದು ವರ್ಷದ ಎಣ್ಣೆ, ಪಾಲಿಶ್ ಎಲ್ಲ ಉಜ್ಜಿ ತೆಗೆಯಬೇಕು. ನುಣುಪು ಮೇಲ್ಮೈಗೆ ಅಂತಲೇ ಇರುವ ಪ್ರೈಮರ್ ಬಳಿದು, ಅದರ ಮೇಲೆ ನೆಲ ಸಮ ಮಾಡುವ ಲೆವೆಲಿಂಗ್ ಕಾಂಪೌಂಡ್ ಸುರಿಯಬೇಕು. ಇಲ್ಲದಿದ್ದರೆ ಕೆಳಗಿನ ಗ್ರೌಟ್ ಗೆರೆಗಳು ಒಂದೊಂದಾಗಿ ವಿನೈಲ್ ಮೇಲೆ ಮೂಡುತ್ತವೆ. ನೆಲ ಏರಿದಷ್ಟು ಬಾಗಿಲ ಅಡಿ ಕೊಯ್ಯಬೇಕಾಗುತ್ತೆ, ಲಿಫ್ಟ್ ಮುಂದೆ ಮೆಟ್ಟಿಲಿನಂತೆ ಏರು ಉಳಿಯುತ್ತೆ. ತೇವದ ಅನುಮಾನ ಇರುವ ಕಟ್ಟಡದಲ್ಲಿ ನಾನಾದರೆ ಕಿತ್ತೇ ಹಾಕಿಸುತ್ತೇನೆ.

ಓಟಿ ನೆಲದ ಹಿಂದೆ ಒಂದು ಇತಿಹಾಸ ಇದೆ. ಹಿಂದೆ ಅರಿವಳಿಕೆಗೆ ಈಥರ್, ಸೈಕ್ಲೋಪ್ರೊಪೇನ್ ಬಳಸುತ್ತಿದ್ದರು. ಎರಡೂ ಬೆಂಕಿ ಹತ್ತುವಂಥವು. ಒಂದು ಸ್ಟ್ಯಾಟಿಕ್ ಕಿಡಿ ಸಾಕಿತ್ತು ಸ್ಫೋಟ ಆಗಲು, ಆಗಿಯೂ ಇವೆ. ಅದಕ್ಕಾಗಿ ವಿದ್ಯುತ್ತನ್ನು ನೆಲದ ಮೂಲಕ ಭೂಮಿಗೆ ಇಳಿಸುವ ಕಂಡಕ್ಟಿವ್ ನೆಲ ಬಂತು. ಈಗ ಬಳಸುವ ಐಸೋಫ್ಲೂರೇನ್, ಸೆವೋಫ್ಲೂರೇನ್ ಓಟಿಯಲ್ಲಿ ಬಳಸುವ ಪ್ರಮಾಣದಲ್ಲಿ ಬೆಂಕಿ ಹತ್ತುವುದಿಲ್ಲ. ಹಾಗಾದರೆ ಬೇಡವಾ? ಬೇಕು ಅನ್ನುವುದೇ ನನ್ನ ಅಭಿಪ್ರಾಯ. ಓಟಿಯಲ್ಲಿ ಈಗ ಎಲೆಕ್ಟ್ರಾನಿಕ್ಸ್ ತುಂಬಿಕೊಂಡಿದೆ, ಸ್ಟ್ಯಾಟಿಕ್ ಅದಕ್ಕೂ ಒಳ್ಳೆಯದಲ್ಲ. ಜೊತೆಗೆ ಸ್ಪಿರಿಟ್ ಇರುವ ದ್ರಾವಣದಿಂದ ಚರ್ಮ ಒರೆಸುವುದು ದಿನನಿತ್ಯದ ಕೆಲಸ. ಆದರೆ ಎರಡು ಥರ ಇದೆ, ಗಮನಿಸಿ. ಅಮೆರಿಕದ ಲೆಕ್ಕದಲ್ಲಿ ವಿದ್ಯುತ್ತಿಗೆ ನೆಲ ಒಡ್ಡುವ ತಡೆ 10 ಲಕ್ಷ ಓಮ್ ಒಳಗಿದ್ದರೆ ಕಂಡಕ್ಟಿವ್, ಅಲ್ಲಿಂದ 100 ಕೋಟಿ ಓಮ್‌ವರೆಗೆ ಡಿಸಿಪೇಟಿವ್, ಅಂದರೆ ವಿದ್ಯುತ್ತನ್ನು ನಿಧಾನವಾಗಿ ಇಳಿಸುವುದು. ಈಗಿನ ಓಟಿಗೆ ಯಾವುದು ಅಂತ ನಿಮ್ಮ ಎಲೆಕ್ಟ್ರಿಕಲ್ ಇಂಜಿನಿಯರ್ ಮತ್ತು ಅರಿವಳಿಕೆ ಡಾಕ್ಟರು ಕೂತು ತೀರ್ಮಾನಿಸಲಿ. ನೀವು ಒತ್ತಾಯಿಸಬೇಕಾದ್ದು ಇಷ್ಟು: ಅಡಿಯಲ್ಲಿ ತಾಮ್ರದ ಪಟ್ಟಿ, ಕಂಡಕ್ಟಿವ್ ಅಂಟು, ಅರ್ಥಿಂಗ್‌ಗೆ ಜೋಡಣೆ, ಮತ್ತು ಹಾಸಿದ ಮೇಲೆ ಮೀಟರ್ ಇಟ್ಟು ಅಳೆದ ಲೆಕ್ಕ ಬರವಣಿಗೆಯಲ್ಲಿ. ಶೀಟ್ ದುಬಾರಿಯದು ತಂದು ಮಾಮೂಲಿ ಅಂಟಿನಲ್ಲಿ ಅಂಟಿಸಿದ ಓಟಿ ನಾನು ನೋಡಿದ್ದೇನೆ. ಅಲ್ಲಿ ಆಂಟಿಸ್ಟ್ಯಾಟಿಕ್ ಅನ್ನುವುದು ಬಿಲ್ಲಿನಲ್ಲಿ ಮಾತ್ರ ಇತ್ತು.

ಎಪಾಕ್ಸಿಯನ್ನು ನಾನು ಬೇಡ ಅನ್ನುವುದಿಲ್ಲ. ಸಂದೇ ಇಲ್ಲದ ನೆಲ, ಕೋವಿಂಗೂ ಅದರಲ್ಲೇ ಎಳೆಯಬಹುದು, ಸ್ಟೋರ್, ಸಿಎಸ್‌ಎಸ್‌ಡಿ (ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ವಿಭಾಗ), ಯಂತ್ರಗಳ ಕೋಣೆಗೆ ಚೆನ್ನ. ಆದರೆ ಕೆಳಗಿನ ಸ್ಲ್ಯಾಬ್ ಬಿರುಕು ಬಿಟ್ಟರೆ ಅದೂ ಬಿರುಕು ಬಿಡುತ್ತೆ. ಬಿಸಿಲು ಬೀಳುವ ಕಡೆ ಹಳದಿಯಾಗುತ್ತೆ. ಕಾಲಿಗೆ ಕಾಂಕ್ರೀಟಿನಷ್ಟೇ ಗಟ್ಟಿ. ತೇವದ ಸ್ಲ್ಯಾಬ್ ಮೇಲೆ ಹಾಕಿದರೆ ಗುಳ್ಳೆ ಏಳುತ್ತೆ. ಹಾಗೆ ನೋಡಿದರೆ ತೇವದ ಸಮಸ್ಯೆಯಿಂದ ವಿನೈಲೂ ತಪ್ಪಿಸಿಕೊಳ್ಳುವುದಿಲ್ಲ, ಎಪಾಕ್ಸಿಯೂ ತಪ್ಪಿಸಿಕೊಳ್ಳುವುದಿಲ್ಲ.

ಟೈಲ್ಸ್ ವಿಷಯದಲ್ಲಿ ಸಿಸ್ಟರ್ ಮಾತಿಗೆ ಚಿಕ್ಕ ತಿದ್ದುಪಡಿ. ಕಾಯುವ ಜಾಗ, ಓಪಿಡಿ ಕಾರಿಡಾರ್, ಆಫೀಸು, ಅಡುಗೆ ಕೋಣೆಗೆ ಮ್ಯಾಟ್ ಟೈಲ್ಸ್ ಹಾಕಿ ಎಪಾಕ್ಸಿ ಗ್ರೌಟ್ ತುಂಬಿದರೆ ಬಹಳ ವರ್ಷ ಬಾಳುತ್ತೆ. ಎಪಾಕ್ಸಿ ಗ್ರೌಟ್ ನೀರು ಕುಡಿಯುವುದಿಲ್ಲ. ಟ್ರಸ್ಟಿಯವರಿಗೆ ಮುಂಬಾಗಿಲಲ್ಲಿ ಅಂದ ಬೇಕಿದ್ದರೆ ಟೆರಾಝೋ (ಕಲ್ಲಿನ ಚೂರು ಬೆರೆಸಿ ಹಾಕಿ ಉಜ್ಜಿ ನುಣುಪು ಮಾಡಿದ ನೆಲ) ತೋರಿಸಿ. ಹತ್ತಾರು ವರ್ಷ ಸಾವಿರಾರು ಜನ ತುಳಿದರೂ ಮತ್ತೆ ಉಜ್ಜಿದರೆ ಹೊಸದಾಗುತ್ತೆ. ಮುಂಬಾಗಿಲು ಅಂದರೆ ಹೊರಗಿನ ನೀರು, ಮರಳು ಎಲ್ಲ ಒಳಗೆ ಬರುವ ಜಾಗ. ಕಾಲೊರೆಸುವ ಮ್ಯಾಟ್ ಏಳೆಂಟು ಹೆಜ್ಜೆಯಷ್ಟು ಉದ್ದ ಇರಲಿ, ನೆಲದ ಮಟ್ಟಕ್ಕೇ ಕೂರಲಿ.

ಬಾತ್‌ರೂಮಿಗೆ ಸೇಫ್ಟಿ ವಿನೈಲ್ ನೋಡಿ. ಅದರೊಳಗೆ ಗಟ್ಟಿ ಖನಿಜದ ಕಾಳು ಬೆರೆಸಿರುತ್ತಾರೆ, ಸವೆದರೂ ಹಿಡಿತ ಉಳಿಯುತ್ತೆ. ಮಾರುವವರು ಆರ್ 9, ಆರ್ 10, ಆರ್ 11 ಅಂತ ಹೇಳುತ್ತಾರೆ. ಅದು ಎಣ್ಣೆ ಸುರಿದ ಇಳಿಜಾರಿನ ಮೇಲೆ ಬೂಟು ಹಾಕಿ ನಡೆದು ಅಳೆಯುವ ಜರ್ಮನ್ ಲೆಕ್ಕ. ಬಾತ್‌ರೂಮಿನಲ್ಲಿ ಬರಿಗಾಲು, ಅಲ್ಲಿ ಎ, ಬಿ, ಸಿ ಅನ್ನುವ ಬೇರೆ ಲೆಕ್ಕ ಇದೆ, ಸ್ನಾನದ ಜಾಗಕ್ಕೆ ಬಿ ಅಥವಾ ಮೇಲಿನದು ಕೇಳಿ. ಲೋಲಕ ತೂಗಿಸಿ ನೆಲದ ಹಿಡಿತ ಅಳೆಯುವ ಪೆಂಡ್ಯುಲಮ್ ಪರೀಕ್ಷೆಯ ವರದಿ ಇದ್ದರೆ ಒದ್ದೆ ನೆಲಕ್ಕೆ 36 ಅಥವಾ ಅದಕ್ಕಿಂತ ಜಾಸ್ತಿ ಬಂದಿರಬೇಕು. ಒಣ ನೆಲದ ಅಂಕಿ ತೋರಿಸಿದರೆ ಒಪ್ಪಬೇಡಿ, ಒಣ ನೆಲದಲ್ಲಿ ಯಾವುದೂ ಅಷ್ಟಾಗಿ ಜಾರುವುದಿಲ್ಲ. ಹಾಗಂತ ಎಲ್ಲ ಕಡೆ ಅತಿ ಒರಟು ನೆಲ ಹಾಕಬೇಡಿ. ಒರಟು ಜಾಸ್ತಿಯಾದಷ್ಟೂ ಕೊಳೆ ಹಿಡಿಯುತ್ತೆ, ಕಾಲೆಳೆದು ನಡೆಯುವವರ ಪಾದ ಸಿಕ್ಕಿ ಮುಗ್ಗರಿಸುತ್ತಾರೆ.

ಫಿಸಿಯೋ ಮೇಡಂ ಬರೆದದ್ದು:

ಕಾಲೆಳೆದು ನಡೆಯುವವರ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಪಾರ್ಶ್ವವಾಯು ಆದವರನ್ನು, ಮಂಡಿ ಆಪರೇಷನ್ ಆದವರನ್ನು ಮೊದಲ ಸಲ ನಡೆಸುವುದು ನಾನು. ಅವರ ಕಣ್ಣಿಂದ ನೆಲ ನೋಡಿ ಸರ್.

ನೀವು ಹೇಳಿದ ಆ ತಾಯಿ ಜಾರಿದ್ದು ನೀರಿಗೆ. ಆದರೆ ನೀರೇ ಇಲ್ಲದೆ ಹೆದರಿ ಬೀಳುವವರೂ ಇದ್ದಾರೆ. ಫಳಫಳ ಹೊಳೆಯುವ ನೆಲ ವಯಸ್ಸಾದ ಕಣ್ಣಿಗೆ ಒದ್ದೆಯಂತೆ ಕಾಣುತ್ತೆ. ಮರೆವಿನ ಕಾಯಿಲೆ ಇರುವವರಿಗೆ ತಿಳಿ ಬಣ್ಣದ ನೆಲದ ಮಧ್ಯೆ ಕಪ್ಪು ಪಟ್ಟಿ ಬಂದರೆ ಅದು ಗುಂಡಿ. ಅಲ್ಲೇ ನಿಂತುಬಿಡುತ್ತಾರೆ, ಇಲ್ಲ ದಾಟಲು ಕಾಲು ಎತ್ತಿ ಹಾಕಿ ಬೀಳುತ್ತಾರೆ. ಚುಕ್ಕೆ ಚುಕ್ಕೆ ಡಿಸೈನ್ ಇದ್ದರೆ ಏನೋ ಬಿದ್ದಿದೆ ಅಂತ ಬಗ್ಗಿ ಹೆಕ್ಕಲು ಹೋಗುತ್ತಾರೆ. ಬಾಗಿಲಲ್ಲಿ ಒಂದು ನೆಲ ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡರ ಬಣ್ಣವೂ ಒಂದೇ ಮಟ್ಟದ ತಿಳಿ ಅಥವಾ ಗಾಢ ಇರಲಿ. ನೆಲಕ್ಕೂ ಗೋಡೆಗೂ ಮಾತ್ರ ವ್ಯತ್ಯಾಸ ಚೆನ್ನಾಗಿ ಕಾಣಬೇಕು, ನೆಲ ಎಲ್ಲಿ ಮುಗಿಯಿತು ಅಂತ ಅವರಿಗೆ ಗೊತ್ತಾಗಬೇಕು. ವಿನೈಲನ್ನು ಕೋವಿಂಗ್ ಮಾಡಿ ಗೋಡೆಗೆ ಹತ್ತಿಸುವಾಗ ಅದೇ ಬಣ್ಣ ಮೇಲಕ್ಕೆ ಹೋಗುತ್ತೆ, ಆಗ ಅಂಚು ಇರುವುದಕ್ಕಿಂತ ಆಚೆ ಇದೆ ಅನ್ನಿಸುತ್ತೆ. ಸಿಸ್ಟರ್ ಹೇಳಿದ ಕಡೆಗಳಲ್ಲಿ ಕೋವಿಂಗ್ ಬೇಕೇ ಬೇಕು, ನಾನು ಬೇಡ ಅನ್ನುತ್ತಿಲ್ಲ. ಆದರೆ ವಯಸ್ಸಾದವರ ವಾರ್ಡಿನಲ್ಲಿ ಬೇರೆ ಬಣ್ಣದ ಕೋವಿಂಗ್ ತುಂಡು ಬಳಸಿ ಬೆಸುಗೆ ಹಾಕಿಸಬಹುದು.

ಹೊಸ್ತಿಲು ಎಲ್ಲಿಯೂ ಬೇಡ. ಅರ್ಧ ಇಂಚಿನ ಏರು ಕೂಡ ವಾಕರ್ ಚಕ್ರಕ್ಕೆ ಗೋಡೆ. ಹೊಲಿಗೆ ಹಾಕಿದ ಹೊಟ್ಟೆ ಇಟ್ಟುಕೊಂಡು ಸ್ಟ್ರೆಚರ್ ಮೇಲೆ ಮಲಗಿದವರಿಗೆ ಆ ಒಂದು ಕುಲುಕು ಹೇಗಿರುತ್ತೆ ಅಂತ ಅವರನ್ನೇ ಕೇಳಿ.

ಮೆತ್ತಗಿನ ನೆಲ ಒಳ್ಳೆಯದು ಅಂತ ಫೋಮ್ ಇರುವ ದಪ್ಪ ವಿನೈಲ್ ಎಲ್ಲ ಕಡೆ ಹಾಕಿಸಿದರೆ ಇನ್ನೊಂದು ಕಷ್ಟ. ಶಬ್ದ ಚೆನ್ನಾಗಿ ತಗ್ಗುತ್ತೆ, ಆದರೆ ಚಕ್ರ ಒಳಗೆ ಅದುಮಿಕೊಂಡು ಬೆಡ್ ತಳ್ಳುವುದು ಭಾರ ಆಗುತ್ತೆ. ವಾರ್ಡ್ ಬಾಯ್‌ಗಳ ಬೆನ್ನು ಹೋಗುತ್ತೆ. ಬೆಡ್ ಓಡಾಡುವ ಕಾರಿಡಾರಿಗೆ ಗಟ್ಟಿಯದು, ಹಾಸಿಗೆಯ ಸುತ್ತ ಮೆತ್ತಗಿನದು, ಹೀಗೆ ಯೋಚಿಸಿ.

ಹೌಸ್‌ಕೀಪಿಂಗ್ ಸೂಪರ್‌ವೈಸರ್ ಬರೆದದ್ದು:

ನೆಲ ಒಂದೇ ಸಲ ಹಾಕುವುದು, ಒರೆಸುವುದು ದಿನಕ್ಕೆ ಮೂರು ಸಲ. ಒರೆಸುವವರನ್ನು ಯಾರೂ ಕೇಳುವುದಿಲ್ಲ ಅನ್ನುವ ಬೇಸರ ನನಗಿದೆ, ಅದಕ್ಕೇ ಇಷ್ಟು ಬರೆಯುತ್ತೇನೆ.

ಆಂಟಿಬ್ಯಾಕ್ಟೀರಿಯಲ್ ಶೀಟ್ ಅಂತ ಹೇಳಿ ಕೊಟ್ಟರೆ ಅದಕ್ಕಾಗಿ ಒಂದು ಬಿಡಿಗಾಸೂ ಜಾಸ್ತಿ ಕೊಡಬೇಡಿ ಸರ್. ಮೇಲೆ ಕೊಳೆಯ ಪದರ ಕೂತರೆ ಒಳಗಿನ ಔಷಧಿ ಯಾವ ಕ್ರಿಮಿಯನ್ನು ಮುಟ್ಟುತ್ತೆ? ಒರೆಸುವುದಕ್ಕೆ ಬದಲಿ ಇಲ್ಲ. ನಮ್ಮ ಇನ್‌ಫೆಕ್ಷನ್ ಕಂಟ್ರೋಲ್ ಡಾಕ್ಟರು ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರು. ಕಾರ್ಪೆಟ್ ಬಗ್ಗೆ ಯಾರಾದರೂ ಮಾತೆತ್ತಿದರೆ ಅಮೆರಿಕದ ಸಿಡಿಸಿ 2003ರಲ್ಲೇ ಕೊಟ್ಟ ಮಾರ್ಗಸೂಚಿ ತೋರಿಸಿ. ರೋಗಿಗಳ ಕಡೆ ಜನ ಜಾಸ್ತಿ ಓಡಾಡುವ, ರಕ್ತ ಮತ್ತು ನೀರು ಚೆಲ್ಲುವ ಜಾಗಕ್ಕೆ ಕಾರ್ಪೆಟ್ ಬೇಡ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ವಿನೈಲ್ ತೆಗೆದುಕೊಳ್ಳುವುದಾದರೆ ಮೇಲೆ ಪಾಲಿಯುರಿಥೇನ್ ಪದರ ಇರುವುದನ್ನು ಕೇಳಿ. ಅದಕ್ಕೆ ಪಾಲಿಶ್ ಹೊಡೆಯಬೇಕಿಲ್ಲ. ಪಾಲಿಶ್ ಬೇಕಾಗುವ ನೆಲ ಅಂದರೆ ಆಗಾಗ ಹಳೆ ಪಾಲಿಶ್ ಕೆರೆದು ಹೊಸದು ಬಳಿಯಬೇಕು. ಅದಕ್ಕೆ ವಾರ್ಡ್ ಖಾಲಿ ಮಾಡಬೇಕು. ತುಂಬಿದ ವಾರ್ಡನ್ನು ಯಾರು ಖಾಲಿ ಮಾಡಿಕೊಡುತ್ತಾರೆ? ಓಟಿಯ ಆಂಟಿಸ್ಟ್ಯಾಟಿಕ್ ನೆಲಕ್ಕೆ ತಪ್ಪಿಯೂ ಪಾಲಿಶ್ ಹೊಡೆಯಬಾರದು. ಮೇಲೆ ಪೊರೆ ಕೂತು ಅದರ ಗುಣವೇ ಹೋಗುತ್ತೆ. ಲಿನೋಲಿಯಂ ವಿಷಯಕ್ಕೆ ಬಂದರೆ ಅಗಸೆ ಎಣ್ಣೆ, ಮರದ ಪುಡಿ, ಸೆಣಬಿನಿಂದ ಮಾಡಿದ ಒಳ್ಳೆಯ ವಸ್ತು ಅದು, ಆದರೆ ಕ್ಷಾರ ಜಾಸ್ತಿ ಇರುವ ಕ್ಲೀನರ್ ಮತ್ತು ನಿಂತ ನೀರು ಎರಡೂ ಆಗಿಬರುವುದಿಲ್ಲ. ನಮ್ಮಲ್ಲಿ ಹೊಸ ಹುಡುಗ ಕೈಗೆ ಸಿಕ್ಕ ಕ್ಯಾನ್ ಸುರಿದು ಒಂದು ಕಾರಿಡಾರ್ ಬಣ್ಣವೇ ಕೆಡಿಸಿದ್ದ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

ಕಲೆ ವಿಷಯ. ಸ್ಯಾಂಪಲ್ ತುಂಡು ಇದೆಯಲ್ಲ, ಅದರ ಮೇಲೆ ನಿಮ್ಮ ಆಸ್ಪತ್ರೆಯಲ್ಲಿ ಬಳಸುವ ಅಯೋಡಿನ್, ಹೈಪೋಕ್ಲೋರೈಟ್, ಲ್ಯಾಬಿನ ಸ್ಟೈನ್ (ಬಣ್ಣದ ದ್ರಾವಣ), ಕೈಗೆ ಹಚ್ಚುವ ಸ್ಯಾನಿಟೈಸರ್ ಒಂದೊಂದು ಹನಿ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒರೆಸಿ ನೋಡಿ. ಕಂಪನಿಯವರ ಪುಸ್ತಕಕ್ಕಿಂತ ಅದು ಜಾಸ್ತಿ ಹೇಳುತ್ತೆ. ಡಯಾಲಿಸಿಸ್‌ನಲ್ಲಿ ಆಸಿಡ್ ದ್ರಾವಣ ಚೆಲ್ಲುವುದು ದಿನಾ ಇದ್ದದ್ದೇ, ಅದನ್ನೂ ಒಂದು ಹನಿ ಹಾಕಿ. ಮತ್ತೆ ಕಪ್ಪು ರಬ್ಬರ್ ಮ್ಯಾಟು, ಕಪ್ಪು ರಬ್ಬರ್ ಚಕ್ರ ವಿನೈಲ್ ಮೇಲೆ ಬಹಳ ದಿನ ನಿಂತರೆ ಕಂದು ಕಲೆ ಬೀಳುತ್ತೆ. ಅದು ಕೊಳೆ ಅಲ್ಲ, ರಬ್ಬರಿನ ರಾಸಾಯನಿಕ ಒಳಗೆ ಇಳಿದದ್ದು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೆಡ್ಡಿಗೆ ಕಲೆ ಬಿಡದ ಬೂದು ಬಣ್ಣದ ಚಕ್ರ ಕೇಳಿ.

ಒರೆಸುವಾಗ ಕಾರಿಡಾರಿನ ಅರ್ಧ ಒರೆಸಿ, ಒಣಗಿದ ಮೇಲೆ ಇನ್ನರ್ಧ. ಹಿಂಡಿದ ಮೈಕ್ರೋಫೈಬರ್ ಮಾಪ್ ಆದರೆ ಬೇಗ ಒಣಗುತ್ತೆ. ನಿಮ್ಮ ಮನಸ್ಸಲ್ಲಿ ಉಳಿದಿರುವ ಆ ಬೆಳಗ್ಗೆ ಯಾವ ನೆಲ ಇತ್ತು ಅನ್ನುವುದರಷ್ಟೇ ಹೇಗೆ ಒರೆಸಿದ್ದರು ಅನ್ನುವುದೂ ಮುಖ್ಯ ಸರ್.

ಕಟ್ಟಡ ಉಸ್ತುವಾರಿ ಬರೆದದ್ದು:

ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಮೀಟಿಂಗಿಗೆ ಒಯ್ದೆ. ಪ್ಲಾಸ್ಟಿಕ್ ಹಾಳೆ ಹಾಕಿದ ಆರು ಜಾಗದಲ್ಲಿ ಕೆಳ ಅಂತಸ್ತಿನ ಎರಡರಲ್ಲಿ ನೀರು ಹನಿ ಕಟ್ಟಿತ್ತು. ಮೇಲೆ ಏನೂ ಕಾಣಲಿಲ್ಲ, ಆದರೂ ಪ್ರೋಬ್ ಹಾಕಿಸಲು ಹೇಳಿದ್ದೇನೆ.

ಈಗಿನ ಯೋಚನೆ ಹೀಗಿದೆ. ಓಟಿ ಎರಡಕ್ಕೂ ಡಿಸಿಪೇಟಿವ್ ವಿನೈಲ್, ಅರ್ಥಿಂಗ್ ಅಳತೆಯೊಂದಿಗೆ. ಐಸಿಯು, ವಾರ್ಡ್, ಲೇಬರ್ ರೂಮಿಗೆ 2 ಮಿಲಿಮೀಟರ್ ಹೋಮೋಜೀನಿಯಸ್ (ಪೂರ್ತಿ ದಪ್ಪಕ್ಕೂ ಒಂದೇ ವಸ್ತುವಿನ) ವಿನೈಲ್, ಗೋಡೆಗೆ ಹತ್ತಿಸಿ. ಬಾತ್‌ರೂಮಿಗೆ ಸೇಫ್ಟಿ ವಿನೈಲ್. ಓಪಿಡಿ ಕಡೆ ಮ್ಯಾಟ್ ಟೈಲ್ಸ್, ಎಪಾಕ್ಸಿ ಗ್ರೌಟ್. ಮಾರ್ಬಲ್ ಬಿಟ್ಟು ಟೆರಾಝೋಗೆ ಟ್ರಸ್ಟಿಯವರು ಒಪ್ಪಿದರು, ಮಾರ್ಬಲ್ ಸ್ಯಾಂಪಲ್ ಮೇಲೆ ಅಯೋಡಿನ್ ಹನಿ ಹಾಕಿ ತೋರಿಸಿದ ಮೇಲೆ. ರಬ್ಬರ್ ಒಂದು ಐಸಿಯುಗಾದರೂ ಹಾಕಿಸಬೇಕು ಅಂತ ಸಿಸ್ಟರ್ ಮಾತು ಓದಿದಾಗಿನಿಂದ ಅನ್ನಿಸುತ್ತಿದೆ, ಅದಕ್ಕೆ ಇನ್ನೂ ಹೋರಾಡುತ್ತಿದ್ದೇನೆ.

ಕೊನೆಯ ಪ್ರಶ್ನೆ. ಉದ್ಘಾಟನೆ ದಿನ ಗೊತ್ತುಮಾಡಿಬಿಟ್ಟಿದ್ದಾರೆ. ಹಾಸಿದ ಮರುದಿನವೇ ಬೆಡ್ ಒಳಗೆ ತರಬಹುದಾ ಅಂತ ಕೇಳುತ್ತಿದ್ದಾರೆ.

ನೆಲ ಹಾಸುವವನು ಬರೆದದ್ದು:

ಬೇಡ ಸರ್. ನಡೆದಾಡಲು ಒಂದು ದಿನ ಬಿಡಿ, ಬೆಡ್ ಮತ್ತು ಟ್ರಾಲಿಗೆ ಮೂರು ದಿನ, ಅಂದರೆ 72 ಗಂಟೆ. ಅಂಟು ಪೂರ್ತಿ ಹಿಡಿಯುವ ಮೊದಲು ಚಕ್ರ ಓಡಿದರೆ ಶೀಟ್ ಅಲೆಯಂತೆ ಸರಿಯುತ್ತೆ, ಆ ಗುರುತು ಆಮೇಲೆ ಹೋಗುವುದಿಲ್ಲ. ಎಕ್ಸ್‌ರೇ ಮೆಷೀನ್‌ನಂಥ ಭಾರದ್ದನ್ನು ತರುವಾಗ ಪ್ಲೈವುಡ್ ಹಾಕಿ ಅದರ ಮೇಲೆ ತಳ್ಳಿಸಿ. ಇನ್ನೊಂದು, ಶೀಟಿನ ರೋಲ್‌ಗಳನ್ನು ಹಾಸುವ ಮುಂಚೆ ಅದೇ ಕೋಣೆಯಲ್ಲಿ 24 ಗಂಟೆ ಇಡಲು ಹೇಳಿ, ಎಲ್ಲ ಒಂದೇ ಬ್ಯಾಚ್ ನಂಬರಿನವೇ ಅಂತ ನೀವೇ ನೋಡಿ. ಮಿಕ್ಕ ತುಂಡುಗಳನ್ನು ಎಸೆಯಬೇಡಿ, ಆರೇಳು ಮೀಟರ್ ಸ್ಟೋರಿನಲ್ಲಿ ಸುತ್ತಿಡಿ. ನಾಲ್ಕು ವರ್ಷ ಬಿಟ್ಟು ಎಲ್ಲಾದರೂ ಹರಿದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.

ಪ್ರೋಬ್ ಹಾಕಿ ಬಂದ ಅಂಕಿ ಇಲ್ಲೇ ಬರೆಯಿರಿ. ಜಾಸ್ತಿ ಇದ್ದರೆ ಉದ್ಘಾಟನೆಯ ದಿನವನ್ನೇ ಮುಂದೆ ಹಾಕಿಸಿ.